ಹಿಂದಿನ ಸಾಲಿನ ಪಿಟೀಲು

ಲಿಂಗರಾಜಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಪಿಟೀಲು ಮೇಷ್ಟ್ರು ಹಳೆಯ ಸಿನಿಮಾ ಹಾಡು ಬಂದರೆ ಗಾಯಕರ ಕಡೆ ಕಿವಿಯನ್ನೇ ಕೊಡುತ್ತಿರಲಿಲ್ಲ. "ಹಾಡು ಎಲ್ರೂ ಕೇಳ್ತಾರೆ, ನೀವು ಅದರ ಹಿಂದಿರೋದನ್ನ ಕೇಳಿ," ಎನ್ನುತ್ತ ಬರಿಗೈಯಲ್ಲೇ ಕಮಾನು ಎಳೆಯುತ್ತಿದ್ದರು. ರೈಲಿನಲ್ಲಿ ಮದರಾಸಿಗೆ ಹೋಗಿ ಸಿನಿಮಾ ಹಾಡುಗಳ ವಾದ್ಯವೃಂದದ ಹಿಂದಿನ ಸಾಲಿನಲ್ಲಿ ಕೂತು ನುಡಿಸಿದವರು ಅವರು. ಪರದೆಯ ಮೇಲೆ ಒಮ್ಮೆಯೂ ಅವರ ಹೆಸರು ಬಂದಿರಲಿಲ್ಲ.

ಒಂದು ಹಾಡಿನಲ್ಲಿ ಮಾತ್ರ, ಎರಡನೇ ಚರಣಕ್ಕೆ ಮುಂಚೆ, ಒಂದು ಪಿಟೀಲು ಕಿರ್ ಎನ್ನುತ್ತಿತ್ತು. "ಅದು ನಾನೇ!" ಎನ್ನುತ್ತಿದ್ದರು ಮೇಷ್ಟ್ರು. ಎಲ್ಲರೂ ಒಟ್ಟಿಗೆ ಕೂತು ಒಂದೇ ಸಲಕ್ಕೆ ರೆಕಾರ್ಡಿಂಗ್ ಮುಗಿಸುತ್ತಿದ್ದ ಕಾಲ. ಗಾಯಕಿ ಮತ್ತೆ ಅಷ್ಟು ಚೆನ್ನಾಗಿ ಹಾಡಲಾರರೆಂದು ಸಂಗೀತ ನಿರ್ದೇಶಕರು ಇವರ ತಪ್ಪನ್ನು ಹಾಗೇ ಬಿಟ್ಟಿದ್ದರಂತೆ.

ಒಂದು ದಿನ ಆ ಹಾಡನ್ನು ಕಂಪ್ಯೂಟರಿನಲ್ಲಿ ಹೊಸದಾಗಿ ಶುದ್ಧಗೊಳಿಸಿದ ಆವೃತ್ತಿ ಸಿಕ್ಕಿತೆಂದು ಖುಷಿಯಿಂದ ಮೊಬೈಲಿನಲ್ಲಿ ಕೇಳಿಸಿದೆ. ಆ ಜಾಗ ಬಂತು. ಮೇಷ್ಟ್ರು ಬೆರಳೆತ್ತಿದರು. ಕಿರ್ ಎನ್ನಲಿಲ್ಲ.

"ತುಂಬಾ ಕ್ಲೀನಾಗಿ ಮಾಡ್ಬಿಟ್ಟಿದಾರೆ," ಎಂದರು. ನನಗೆ ಮುಖ ಎತ್ತಲಾಗಲಿಲ್ಲ.

"ಇನ್ನೊಂದ್ಸಲ ಹಾಕಿ, ನೋಡೋಣ."

ಒಳಗಿನಿಂದ ಪಿಟೀಲು ತಂದು ಕಾದು ಕೂತರು. ಎರಡನೇ ಚರಣಕ್ಕೆ ಮುಂಚೆ, ತಾಳ ಒಂದಿಷ್ಟೂ ಆಚೀಚೆಯಾಗದಂತೆ, ತಮ್ಮ ತಪ್ಪನ್ನು ನುಡಿಸಿದರು.