ಗಾಡಿಬಯಲಿನ ತಾತ

ಅವರ ಬಲಗೈ ಎಡಗೈಗಿಂತ ಎರಡು ಪಟ್ಟು ಕಪ್ಪಾಗಿತ್ತು. ಅಂಗಿ ಬಿಚ್ಚಿ ನೀರಿನ ತೊಟ್ಟಿಯ ಪಕ್ಕ ಸ್ನಾನಕ್ಕೆ ನಿಂತರೆ, ಒಂದೇ ಮೈಗೆ ಯಾರದೋ ಬೇರೆಯವರ ತೋಳು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ನಲವತ್ತು ವರ್ಷ ಲಾರಿಯ ಕಿಟಕಿಗೆ ಮೊಣಕೈ ಊರಿ ಬಿಸಿಲುಂಡ ತೋಳು ಅದು. “ಎಡಗೈ ನಮ್ಮವ್ವ ಕೊಟ್ಟಿದ್ದು, ಬಲಗೈ ರಸ್ತೆ ಕೊಟ್ಟಿದ್ದು” ಎಂದು ತಾವೇ ನಗುತ್ತಿದ್ದರು.

ಬಳ್ಳಾರಿ ಊರು ಮುಗಿದು ಸಿರುಗುಪ್ಪದ ರಸ್ತೆ ಶುರುವಾಗುವ ಕಡೆ ಒಂದು ಬಯಲಿದೆ. ನಡುವೆ ದೊಡ್ಡ ಬೇವಿನಮರ, ಒಂದು ನೀರಿನ ತೊಟ್ಟಿ, ಎರಡು ಕಕ್ಕಸು, ಕಂಬಕ್ಕೆ ಬಡಿದ ಹಲಗೆಯಲ್ಲಿ ಏಳೆಂಟು ಪ್ಲಗ್ಗು. ಗಾಡಿಯಲ್ಲೇ ಮನೆ ಮಾಡಿಕೊಂಡು ತಿರುಗುವವರು ಅಲ್ಲಿ ಬಂದು ನಿಲ್ಲುತ್ತಾರೆ: ಭತ್ತ ಕೊಯ್ಯುವ ಮಷಿನ್ನಿನವರು, ಬೋರ್‌ವೆಲ್ ಲಾರಿಯವರು, ಪ್ಲಾಸ್ಟಿಕ್ ಕುರ್ಚಿ ಮಾರುವ ಸಂಸಾರಗಳು. ಆ ಬಯಲನ್ನು ನೋಡಿಕೊಳ್ಳುತ್ತಿದ್ದವರು ತಾತ. ಅವರ ವಾಸವೂ ಅಲ್ಲೇ. ಅವರು ಓಡಿಸುತ್ತಿದ್ದ ಲಾರಿಯ ಹಿಂಭಾಗವೆಲ್ಲ ಗುಜರಿಗೆ ಹೋಗಿ, ಕ್ಯಾಬಿನ್ನು ಮಾತ್ರ ಉಳಿದಿತ್ತು. ಅದನ್ನು ನಾಲ್ಕು ಕಲ್ಲಿನ ಮೇಲೆ ಕೂರಿಸಿ, ಡ್ರೈವರ್ ಸೀಟಿನ ಹಿಂದಿನ ಉದ್ದನೆ ಹಲಗೆಯ ಮೇಲೆ ಮಲಗುತ್ತಿದ್ದರು.

ನಮ್ಮ ಊರು ಕೊಪ್ಪಳದ ಕಡೆ. ನಮ್ಮ ಮನೆಯವರು ವೆಲ್ಡಿಂಗ್ ಮೇಸ್ತ್ರಿ. ಕೊಯ್ಲು ಬಂತೆಂದರೆ ಸಿರುಗುಪ್ಪ, ರಾರಾವಿ, ಕುರುಗೋಡಿನ ಗದ್ದೆಗಳಲ್ಲಿ ಮಷಿನ್ನುಗಳು ಮುರಿಯುತ್ತವೆ. ಇವರು ಬೈಕಿನ ಮೇಲೆ ಅಲ್ಲಿಗೆ ಹೋಗಿ ಕೂಡಿಸಿ ಬರುತ್ತಾರೆ. ಸಾಮಾನು ಬಳ್ಳಾರಿಯಲ್ಲೇ ಸಿಗುವುದರಿಂದ ಇಲ್ಲೇ ಠಿಕಾಣಿ. ಹಳೆಯ ಶಾಲಾ ವ್ಯಾನೊಂದನ್ನು ಕೊಂಡು, ಅರ್ಧಕ್ಕೆ ವೆಲ್ಡಿಂಗ್ ಸಾಮಾನು ತುಂಬಿ, ಇನ್ನರ್ಧದಲ್ಲಿ ಎರಡು ಸೀಟು ಸೇರಿಸಿ ಮಂಚ ಮಾಡಿಕೊಂಡಿದ್ದೆವು. ಒಲೆ, ನೀರಿನ ಕೊಡ, ನಾನು. ವರ್ಷಕ್ಕೆರಡು ಸಲ, ಸಲಕ್ಕೆರಡು ತಿಂಗಳು. ಬೆಳಿಗ್ಗೆ ರೊಟ್ಟಿ ಕಟ್ಟಿಕೊಟ್ಟು ಬೈಕಿನ ಸದ್ದು ದೂರವಾದ ಮೇಲೆ, ದೀಪ ಹಚ್ಚುವ ಹೊತ್ತಿನ ತನಕ ನನ್ನ ಜೊತೆ ಮಾತಾಡುವವರು ಯಾರೂ ಇರುತ್ತಿರಲಿಲ್ಲ.

ನಾವು ಮೊದಲ ಸಲ ಬಂದ ದಿನ ಇವರು ವ್ಯಾನನ್ನು ಕಾಂಪೌಂಡ್ ಗೋಡೆಯ ಪಕ್ಕ ನೆರಳು ನೋಡಿ ನಿಲ್ಲಿಸಿದರು. ತಾತ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಂದು ಒಂದು ಸುತ್ತು ಹಾಕಿದರು.

“ಮೇಸ್ತ್ರಿ, ಗಾಡಿ ತಿರುಗಿಸು.”

“ಯಾಕ್ರಿ ತಾತ, ನೆರಳು ಚೊಲೊ ಐತಲ್ಲ?”

“ನೆರಳು ಗಾಡಿಗೆ ಐತಿ. ನಿನ್ನ ಹೆಂಡ್ತಿಗೆ ಗ್ವಾಡಿ ಎದುರಾಗೈತಿ. ನೀನು ಬೈಕ್ ಹತ್ತಿ ಊರೂರು ತಿರುಗಾಕ ಹೋಗ್ತಿ. ಆಕಿ ದಿನಾ ಪೂರಾ ಗ್ವಾಡಿ ನೋಡ್ಕೊಂತ ಕುಂದ್ರಬೇಕೇನು?”

ಮೂರು ಸಲ ಹಿಂದೆ ಮುಂದೆ ಮಾಡಿಸಿದರು. “ಬರ್ಲಿ, ಬರ್ಲಿ, ಇನ್ನಾ ಬರ್ಲಿ… ಹಾಂ, ಸಾಕು!” ಎಂದು ವ್ಯಾನಿನ ಬೆನ್ನಿಗೆ ಎರಡೇಟು ಹಾಕಿ ನಿಲ್ಲಿಸಿದಾಗ, ನನ್ನ ಬಾಗಿಲ ಎದುರಿಗೆ ಬೇವಿನಮರವಿತ್ತು, ಅದರಾಚೆ ಉಳಿದ ಗಾಡಿಗಳ ಬಾಗಿಲುಗಳಿದ್ದವು. ಮರದ ಸುತ್ತ ಎಲ್ಲ ಗಾಡಿಗಳೂ ಮುಖ ಒಳಕ್ಕೆ ಮಾಡಿ ನಿಲ್ಲಬೇಕು, ಬೆನ್ನು ತಿರುಗಿಸಿ ಯಾರೂ ನಿಲ್ಲುವ ಹಾಗಿಲ್ಲ ಎಂಬುದು ಅವರು ಮಾಡಿದ ಪದ್ಧತಿ ಎಂದು ಆಮೇಲೆ ತಿಳಿಯಿತು. ಮದುವೆಯಾಗಿ ಇಪ್ಪತ್ತಾರು ವರ್ಷದಲ್ಲಿ, ನಾನು ಕೂತ ಜಾಗದಿಂದ ನನಗೆ ಏನು ಕಾಣುತ್ತದೆ ಎಂದು ಯೋಚಿಸಿದವರನ್ನು ನಾನು ಅದೇ ಮೊದಲು ನೋಡಿದ್ದು.

ಬಂದ ಗಾಡಿಯವರಿಗೆ “ಎಲ್ಲಿಂದ?” ಎಂದು ಅವರು ಕೇಳುತ್ತಿರಲಿಲ್ಲ. ಮುಂದಿನ ಟೈರಿನ ಮೇಲೆ ಅಂಗೈ ಇಡುತ್ತಿದ್ದರು, ಕೂಸಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. “ರಾಯಚೂರು ಬಿಟ್ಟ ಮ್ಯಾಲ ಎಲ್ಲೂ ನಿಂತಿಲ್ಲ ನೀನು. ಚಾ ಆದ್ರೂ ಕುಡಿಬಾರ್ದೇನಲೇ?” ಹತ್ತಕ್ಕೆ ಎಂಟು ಸಲ ನಿಜವಾಗುತ್ತಿತ್ತು. ಆಂಧ್ರದ ಗಾಡಿಯವರ ಜೊತೆ ತೆಲುಗು, ಲಾರಿಯ ಸಾಹೇಬರ ಜೊತೆ ಉರ್ದು, ನನ್ನ ಜೊತೆ ಸಾರಿನ ವಿಚಾರ. ಮಧ್ಯಾಹ್ನ ಬಯಲು ಖಾಲಿಯಾದಾಗ ತಮ್ಮ ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಕೂತು ಅಲ್ಲಿಂದಲೇ ಕೂಗುತ್ತಿದ್ದರು: “ಯಮ್ಮಾ, ಇವತ್ತೇನು, ಪುಂಡಿಪಲ್ಲೆನಾ? ಘಮ ಇಲ್ಲಿಗೆ ಬಂತು, ಬಟ್ಲ ಇನ್ನಾ ಬರಲಿಲ್ಲ.”

ಒಮ್ಮೆ ಹಂಪಿಗೆ ಹೊರಟಿದ್ದ ಗಂಡಹೆಂಡತಿ ನಿಜವಾದ ಕ್ಯಾರವಾನ್ ತಂದು ನಿಲ್ಲಿಸಿದರು. ಒಳಗೇ ಅಡುಗೆಮನೆ, ಒಳಗೇ ಕಕ್ಕಸು, ಎ.ಸಿ., ಟಿ.ವಿ. ತಾತ ಇಣುಕಿ ನೋಡಿ, “ಸಾಹೇಬ್ರ, ಒಳಗ ಎಲ್ಲಾ ಐತಲ್ರಿ. ಮತ್ತ ಮನಿ ಬಿಟ್ಟು ಯಾಕ ಬಂದ್ರಿ?” ಎಂದರು. ಆ ಮನುಷ್ಯ ನಕ್ಕ. ಸಂಜೆ ಅವನ ಹೆಂಡತಿ ನನ್ನ ಚಾಪೆಯ ಮೇಲೆ ಕೂತು ರೊಟ್ಟಿ ತಟ್ಟುವುದನ್ನು ನೋಡುತ್ತಿದ್ದಳು. ಎ.ಸಿ. ಸುಮ್ಮನೆ ಗುಂಯ್‌ಗುಡುತ್ತಿತ್ತು.

ತಾತನಿಗೆ ಕುರುಗೋಡಿನಲ್ಲಿ ಒಬ್ಬಳೇ ಮಗಳು. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಳು. ಪ್ರತಿ ಅಮಾವಾಸ್ಯೆಗೆ ಬಸ್ಸು ಹತ್ತಿ ಹೋಳಿಗೆ ಡಬ್ಬಿ ಹಿಡಿದು ಬರುವಳು. ಬಂದು ಜಗಳ ಮಾಡುವಳು.

“ಅಪ್ಪಾ, ನಿನ್ನ ಸಲುವಾಗೇ ರೂಮು ಕಟ್ಟಿಸೀನಿ. ಮಂಚ ಐತಿ, ಫ್ಯಾನ್ ಐತಿ. ಇನ್ನೇನು ಕಡಿಮಿ ಐತಿ, ಹೇಳು?”

“ಗಾಲಿ.”

“ಈ ಡಬ್ಬಿಗೆ ಎಲ್ಲಿ ಅದಾವಪ್ಪಾ ಗಾಲಿ? ಕಲ್ಲಿನ ಮ್ಯಾಲ ಕುಂತೈತಿ!”

“ಇದಕ್ಕ ಮದಲು ಇದ್ದುವು. ನಿನ್ನ ರೂಮಿಗೆ ಎಂದೂ ಇದ್ದಿಲ್ಲ.”

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ವ್ಯಾನಿಗೆ ಬಂದು ಕೂರುವಳು. ಒಂದು ದಿನ ನನ್ನ ಹಿಟ್ಟಿನ ಡಬ್ಬಿಯ ಮುಚ್ಚಳದ ಒಳಗೆ ತನ್ನ ನಂಬರು ಬರೆದಿಟ್ಟಳು. “ಅಕ್ಕಾ, ಏನರ ಹೆಚ್ಚುಕಮ್ಮಿ ಆದ್ರ ಒಂದು ಮಾತು ಹೇಳ್ರಿ. ನಿಮ್ಮನ್ನ ಬಿಟ್ರ ಇಲ್ಲಿ ಹೇಳೋರು ಯಾರೂ ಇಲ್ಲ.”

ಅದು ನಿಜ. ಗಾಡಿ ಮಂದಿಯಲ್ಲಿ ಒಂದು ಕಟ್ಟಳೆಯಿದೆ: ಒಬ್ಬರ ಮನೆಗೆ ಇನ್ನೊಬ್ಬರು ಫೋನು ಮಾಡಬಾರದು. ಡ್ರೈವರಿಗೆ ಜ್ವರ ಬಂದರೆ ಉಳಿದವರು ಆಸ್ಪತ್ರೆಗೆ ಒಯ್ಯುತ್ತಾರೆ, ಗಂಜಿ ಕುಡಿಸುತ್ತಾರೆ, ಪಕ್ಕದಲ್ಲಿ ಕೂರುತ್ತಾರೆ; ಮನೆಗೆ ಹೇಳುವುದು ಮಾತ್ರ ಅವನೇ. ತಾತ ಇದನ್ನು ಬಹಳ ನಂಬಿದ್ದರು. “ದೂರ ಇದ್ದೋರಿಗೆ ನಾವು ಹೇಳೋದು ಅರ್ಧ ಸುದ್ದಿ, ಯಮ್ಮಾ. ಉಳಿದರ್ಧ ಅವರ ಎದಿ ತಾನ ಕಟ್ಕೊಂತೈತಿ.”

ಒಂದು ವರ್ಷ ಬೇಸಿಗೆ ಕೊಯ್ಲಿನಲ್ಲಿ, ಒಂದು ಮಧ್ಯಾಹ್ನ ತೊಟ್ಟಿಯ ಕಡೆ ಬಕೆಟ್ಟು ಉರುಳಿದ ಸದ್ದಾಯಿತು. ಹೋಗಿ ನೋಡಿದರೆ ತಾತ ನೆಲಕ್ಕೆ ಕೂತು ತೊಟ್ಟಿಯ ಅಂಚು ಹಿಡಿದುಕೊಂಡಿದ್ದರು. ತುಟಿ ಬೆಳ್ಳಗಾಗಿತ್ತು. “ಬಿಸಿಲು, ಯಮ್ಮಾ. ಬಳ್ಳಾರಿ ಬಿಸಿಲು ಹೊಸದೇನು?” ಎಂದರು. ಮಜ್ಜಿಗೆ ಕೊಟ್ಟೆ. ಕುಡಿಯುವಾಗ ಲೋಟ ಹಲ್ಲಿಗೆ ತಾಗಿ ಟಣಟಣ ಅನ್ನುತ್ತಿತ್ತು.

ಎಂಟು ದಿನದ ಮೇಲೆ ಬೋರ್‌ವೆಲ್ ಲಾರಿಯೊಂದು ಬಂತು. ತಾತ ಎಂದಿನಂತೆ ಅದರ ಹಿಂದೆ ನಿಂತು “ಬರ್ಲಿ, ಬರ್ಲಿ” ಅನ್ನುತ್ತಿದ್ದರು. ಮೂರನೆಯ “ಬರ್ಲಿ” ಬರಲಿಲ್ಲ. ನಾನು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಿ ನೋಡಿದರೆ ಅವರು ಮಂಡಿಯೂರಿ ಕುಸಿದಿದ್ದಾರೆ, ಲಾರಿ ಹಿಂದಕ್ಕೆ ಬರುತ್ತಲೇ ಇದೆ. ಮೊರ ಎಸೆದು ಓಡಿದೆ. ಏನೆಂದು ಕೂಗಿದೆನೋ ನೆನಪಿಲ್ಲ. ಲಾರಿ ನಿಂತಾಗ ಅವರ ತಲೆಗೂ ಗಾಲಿಗೂ ನಡುವೆ ಒಂದು ಮೊಳ ಜಾಗವಿತ್ತು. ಇಳಿದು ಬಂದ ಡ್ರೈವರು ಅವರನ್ನು ಎತ್ತಿ ಬೇವಿನಮರದ ನೆರಳಿಗೆ ತಂದ.

ಎಚ್ಚರವಾದ ಮೇಲೆ ತಾತ ನಮ್ಮೆಲ್ಲರ ಮುಖ ನೋಡಿದರು. “ಮಗಳಿಗೆ ಹೇಳಬ್ಯಾಡ್ರಿ. ಕರ್ಕೊಂಡು ಹೋಗ್ತಾಳ. ಹೋದ ಮ್ಯಾಲ ನಾ ತಿರುಗಿ ಬರಂಗಿಲ್ಲ.” ಎಲ್ಲರೂ ಹೂಂ ಅಂದರು. ಇನ್ನು ಗಾಡಿಯ ಹಿಂದೆ ನಿಲ್ಲುವುದಿಲ್ಲ ಎಂದು ಅವರಿಂದ ಮಾತು ತಗೊಂಡರು. ಮರುದಿನ ಬೆಳಿಗ್ಗೆಯೇ ಇನ್ನೊಂದು ಗಾಡಿಯ ಹಿಂದೆ ಅವರು ನಿಂತಿದ್ದರು.

“ನಡುವ ಹೋಗಬ್ಯಾಡ ನೀನು” ಎಂದರು ನಮ್ಮ ಮನೆಯವರು, ಬೈಕು ಹತ್ತುತ್ತ. “ತಾತ ಕೈಮುಗಿದಂಗ ಕೇಳ್ಯಾರ.”

“ಅವರ ಮಗಳೂ ಹಂಗ ಕೇಳ್ಯಾಳ.”

“ನಾವು ಗಾಡಿ ಮಂದಿ. ನಾಳೆ ಬಯಲಿನಾಗ ಯಾರೂ ನಮ್ಮನ್ನ ನಂಬಂಗಿಲ್ಲ.”

ಅವರು ಹೋದ ಮೇಲೆ ಬಹಳ ಹೊತ್ತು ಕೂತಿದ್ದೆ. ಒಲೆಯ ಮೇಲಿನ ರೊಟ್ಟಿ ಸೀದು ಹೋಯಿತು. ಅದನ್ನು ಕಾಗೆಗೆ ಹಾಕಿ, ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದೆ.

ಮಗಳು ಮಧ್ಯಾಹ್ನವೇ ಕಾರು ಮಾಡಿಕೊಂಡು ಬಂದಳು. ತಾತ ಜಗಳವಾಡಲಿಲ್ಲ. ನನ್ನ ಕಡೆ ತಿರುಗಿ, “ನೀನಾ?” ಎಂದರು. “ಹೌದು ತಾತ” ಎಂದೆ. ಎರಡು ಅಂಗಿ, ಒಂದು ಟವೆಲ್ಲು, ವಿಭೂತಿ ಗಟ್ಟಿ ಒಂದು ಚೀಲಕ್ಕೆ ಹಾಕಿಕೊಂಡರು. ಮಗಳು ಹಿಂದಿನ ಬಾಗಿಲು ತೆರೆದಳು. ಜೀವಮಾನವೆಲ್ಲ ಮುಂದೆ ಕೂತವರು ತಲೆ ತಗ್ಗಿಸಿ ಹಿಂದಿನ ಸೀಟಿಗೆ ಹತ್ತಿದರು. ಕಾರು ರಸ್ತೆಗೆ ಏರುವ ತನಕ ನಾನು ನಿಂತೇ ಇದ್ದೆ. ಅವರು ತಿರುಗಿ ನೋಡಲಿಲ್ಲ.

ಆ ಸಂಜೆಯಿಂದ ಬಯಲಿನಲ್ಲಿ ನನ್ನ ಜೊತೆ ಮಾತು ಕಡಿಮೆಯಾಯಿತು. ಯಾರೂ ಬೈಯಲಿಲ್ಲ. ನೀರಿಗೆ ಹೋದರೆ ಜಾಗ ಬಿಟ್ಟು ಸರಿಯುವರು, ಅಷ್ಟೆ.

ಇಪ್ಪತ್ತು ದಿನ ಕಳೆದ ಮೇಲೆ ಪುಂಡಿಪಲ್ಲೆ ಮಾಡಿಕೊಂಡು ಕುರುಗೋಡಿಗೆ ಹೋದೆ. ರೂಮು ಚೆನ್ನಾಗಿತ್ತು. ಕಿಟಕಿಯ ಎದುರಿಗೆ ಪಕ್ಕದ ಮನೆಯ ಗೋಡೆ. ಡಾಕ್ಟರು ಸಕ್ಕರೆ ಕಾಯಿಲೆ ಅಂದರಂತೆ. ಇನ್ನೊಂದು ತಿಂಗಳು ಹೀಗೇ ಬಿಟ್ಟಿದ್ದರೆ ಉಳಿಯುತ್ತಿರಲಿಲ್ಲ ಅಂದರಂತೆ. ಮಗಳು ನನ್ನ ಕೈ ಹಿಡಿದುಕೊಂಡಳು. ಮಂಚದ ಮೇಲೆ ತಾತ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಒಂದು ತಾಸು ಕೂತೆ. ಅವರು ಈ ಕಡೆ ತಿರುಗಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಾಗಿಲ ತನಕ ಬಂದಾಗ ಹಿಂದಿನಿಂದ ದನಿ ಬಂತು.

“ಇವತ್ತು ಯಾರ್ಯಾರು ಬಂದಾರ?”

ತಿರುಗಿ ಬಂದು ಕೂತು ಹೇಳಿದೆ. ಅವತ್ತಿನಿಂದ ದಿನಾ ಸಂಜೆ ಐದಕ್ಕೆ ಫೋನು ಮಾಡಿ ಹೇಳುತ್ತಿದ್ದೆ. ಬರೀ ಹೆಸರು ಹೇಳಿದರೆ ಸಾಲದು. “ಟೈರ್ ಮುಟ್ಟಿ ನೋಡಿದಿಯಾ? ಹೋಗು, ನೋಡ್ಕೊಂಡು ಬಾ, ಫೋನ್ ಹಿಡ್ಕೊಂಡಿರ್ತೀನಿ.” ನಾನು ನಾಚಿಕೆ ಬಿಟ್ಟು ಪರರ ಗಾಡಿಗಳ ಟೈರು ಮುಟ್ಟಿ ಬರುತ್ತಿದ್ದೆ. ಹಾಗೆ ಮುಟ್ಟುವಾಗ ಒಳಗಿದ್ದವರು ಏನೆಂದು ಕೇಳುತ್ತಿದ್ದರು. ತಾತನಿಗೆ ಎಂದು ಹೇಳಿದರೆ ಹಳಬರು ಫೋನು ಇಸಿದುಕೊಂಡು ಎರಡು ಮಾತಾಡುತ್ತಿದ್ದರು. ಹಾಗೇ ಮೆಲ್ಲಗೆ ನನ್ನ ಜೊತೆಯೂ ಮಾತು ಶುರುವಾಯಿತು. ಕೊಯ್ಲು ಮುಗಿದು ಊರಿಗೆ ಹೋದಾಗ ನಮ್ಮ ಓಣಿಗೆ ಬಂದ ಹಾಲಿನ ಗಾಡಿಯ ಸುದ್ದಿಯನ್ನಾದರೂ ಹೇಳುತ್ತಿದ್ದೆ. “ಅದೂ ಗಾಡೀನ” ಅನ್ನುತ್ತಿದ್ದರು.

ಒಂದು ಸಂಜೆ ಧೈರ್ಯ ಮಾಡಿ ಕೇಳಿದೆ. “ತಾತ, ನನ್ನ ಮ್ಯಾಲ ಸಿಟ್ಟು ಐತೇನ್ರಿ?”



“ಐತಿ” ಎಂದರು. “ಆದ್ರ ಫೋನ್ ಇಡಬ್ಯಾಡ.”

ಮುಂದಿನ ಬೇಸಿಗೆಯ ಕೊಯ್ಲಿಗೆ ನಾವು ಮತ್ತೆ ಬಯಲಿಗೆ ಬಂದ ಹತ್ತನೆಯ ದಿನ ಮಗಳೇ ಫೋನು ಮಾಡಿದಳು, ಬೆಳಿಗ್ಗೆ. ನಿದ್ದೆಯಲ್ಲೇ ಹೋದರಂತೆ. “ಒಂದು ವರ್ಷ ನನಗ ಅಪ್ಪನ್ನ ಕೊಟ್ರಿ ಅಕ್ಕಾ” ಎಂದು ಅತ್ತಳು. 

ನಮ್ಮ ಮನೆಯವರು ರಾರಾವಿಯ ಗದ್ದೆಯಲ್ಲಿದ್ದರು. ಬಯಲಿನಲ್ಲಿ ಆರು ಗಾಡಿಗಳಿದ್ದವು. ಒಂದೊಂದರ ಬಾಗಿಲಿಗೂ ಹೋಗಿ ತಾತ ಹೋದರೆಂದು ಹೇಳಿದೆ. ಆ ವರ್ಷ ಎಲ್ಲ ಹೊಸಬರೇ ಬಂದಿದ್ದರು; ತಾತನನ್ನು ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಪಾಪ, ಕೇಳಿ ತಲೆ ಆಡಿಸಿದರು. ಕಡೆಯ ಗಾಡಿಯಲ್ಲಿ ಒಬ್ಬ ಹೆಣ್ಣುಮಗಳು ಒಲೆಯ ಮುಂದೆ ಕೂತಿದ್ದಳು. ನನ್ನ ಮುಖ ನೋಡಿ ಒಲೆ ಸಣ್ಣ ಮಾಡಿ, ಇಳಿದು ಬಂದಳು.

“ಅವರು ನಿಮಗ ಏನಾಗಬೇಕ್ರಿ?”

ತಂದೆ ಅನ್ನಲಾ, ಮಾವ ಅನ್ನಲಾ ಎಂದು ನೋಡಿದೆ. ಯಾವುದೂ ಅಲ್ಲ.

“ಅವರನ್ನ ಇಲ್ಲಿಂದ ಕಳಿಸಿದಾಕಿ ನಾನು” ಎಂದೆ.

ಅವಳಿಗೆ ಏನು ತಿಳಿಯಿತೋ. ಒಳಗಿಂದ ಒಂದು ಮಣೆ ತಂದು ಗಾಡಿಯ ನೆರಳಿಗೆ ಹಾಕಿ, ಕೂರಲು ಹೇಳಿದಳು.