ಪಿಂಜಾರ ಕಾಕಾರ ಸಂಗಡ ಓಡಿದ ಹಾದಿ

ಮೊನ್ನೆ ಮನೆಯಲ್ಲಿ ಹಳೆಯ ಗಾದಿಯೊಂದನ್ನು ಬಿಚ್ಚಿ, ಒಳಗಿನ ಅರಳೆಯನ್ನು ಅಂಗಳದ ಬಿಸಿಲಿಗೆ ಹರವಿದರು. ಧೂಳೂ ಬೆವರೂ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಎರಡು ಸೀನು ಸೀನಿ, ಮೂರನೆಯದು ಬರುವ ಮೊದಲೇ ನಾನು ಹೆದರಿಕೊಂಡೆ. ಇಪ್ಪತ್ತು ವರ್ಷದ ಹಿಂದೆ ಅರಣ್ಯ ಖಾತೆಯ ಓಟದ ಪರೀಕ್ಷೆಗೆ ನಿಂತಾಗ ಹೆದರಿದ್ದೆನಲ್ಲ, ಅದೇ ಹೆದರಿಕೆ.

ಆ ದಿನ ಏನೇನು ಕೆಡಬಹುದು ಎಂಬುದನ್ನು ನಾನು ವಾರದ ಮೊದಲೇ ಯೋಚಿಸಿ ಮುಗಿಸಿದ್ದೆ. ಧಾರವಾಡದ ಗಾಡಿ ತಪ್ಪಬಹುದು. ಗಾಡಿ ಸಿಕ್ಕರೂ ಹೊಟ್ಟೆ ಕೆಡಬಹುದು. ಧೋತರದ ಕಚ್ಚೆ ಸಡಿಲಾಗಿ ಸಾಹೇಬರ ಮುಂದೆ ಮಾನ ಹೋಗಬಹುದು. ನಾಯಿ ಬೆನ್ನು ಹತ್ತಬಹುದು. ಹತ್ತಿದ ನಾಯಿಗೆ ಹುಚ್ಚು ಹಿಡಿದಿರಬಹುದು. ನಮ್ಮದು ಸಪಾಟು ನೆಲದ ಸೀಮೆ, ಧಾರವಾಡದ ಕಡೆ ರಸ್ತೆ ಏರಿ ಇಳಿಯುತ್ತದೆ, ಆ ಏರಿನಲ್ಲಿ ಎದೆ ನಿಂತುಹೋಗಬಹುದು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ನೌಕರಿ ಸಿಕ್ಕೇಬಿಡಬಹುದು, ಆಮೇಲೆ ಕಾಡಿನಲ್ಲಿ ಹುಲಿ ಇರಬಹುದು...

ಇವುಗಳಲ್ಲಿ ಒಂದೂ ಆಗಲಿಲ್ಲ. ನೌಕರಿಯೊಂದು ಮಾತ್ರ ಸಿಕ್ಕಿತು, ಹುಲಿಗಳು ನನ್ನ ಗೊಡವೆಗೆ ಬರಲಿಲ್ಲ. ಅಂದು ಕೆಟ್ಟದ್ದು ಬೇರೆಯೇ, ಬಹಳ ಸಣ್ಣದು.

ಪಿಂಜಾರ ಕಾಕಾ ನಮ್ಮ ಪಕ್ಕದ ಮನೆಯವರು. ಹುಬ್ಬಳ್ಳಿಯ ಮೂಡಣದ ಅಂಚಿನಲ್ಲಿ ನಮ್ಮ ಓಣಿ. ಕೊನೆಯ ಮನೆ ದಾಟಿದರೆ ಎರೆಹೊಲ ಶುರು. ದಿನವೆಲ್ಲ ಅವರ ಬಿಲ್ಲಿನ ಸದ್ದು ಗೋಡೆಯಾಚೆ ಕೇಳುತ್ತಿತ್ತು. ಅರಳೆ ಹಿಂಜಿ ಹಿಂಜಿ ಅವರ ಹುಬ್ಬು, ಗಡ್ಡ ಎಲ್ಲ ಬೆಳ್ಳಗಾಗಿರುತ್ತಿತ್ತು. ಖರೇ ಬಿಳಿಗೂದಲು ಎಷ್ಟೆಂಬುದು ಅವರ ಹೆಂಡತಿಗೂ ಗೊತ್ತಿರಲಿಕ್ಕಿಲ್ಲ. ಬೆಳಕು ಹರಿಯುತ್ತಲೇ ಅವರು ಹೊಲದ ಕಡೆ ಓಡುತ್ತಿದ್ದರು. ಯಾಕೆ ಎಂದರೆ, “ದಿನಾ ಎದಿಯೊಳಗ ಒಂದು ತಲಿದಿಂಬಿಗಾಗೂವಷ್ಟು ಹತ್ತಿ ಕೂಡತೈತಿ, ತಮ್ಮಾ. ಓಡಿದ್ರ ಹಾರಿ ಹೊಲಕ್ಕ ಹೋಗತೈತಿ” ಎನ್ನುತ್ತಿದ್ದರು. ಇದು ನಿಜವೋ ಅಲ್ಲವೋ ನನಗೆ ತಿಳಿಯದು. ಅವರು ಹೇಳುತ್ತಿದ್ದ ಬಹಳಷ್ಟು ಮಾತು ಹಾಗೆಯೇ ಇರುತ್ತಿತ್ತು.

ನಾನು ಅವರ ಬೆನ್ನು ಹತ್ತಿದ್ದು ಚಪಲಕ್ಕಲ್ಲ. ಅರಣ್ಯ ಖಾತೆಯ ಕೆಲಸ ತಪ್ಪಿದರೆ ಸೋದರಮಾವನ ಹತ್ತಿ ದಲಾಲಿ ಅಂಗಡಿಯಲ್ಲಿ ಜನ್ಮ ಕಳೆಯಬೇಕಿತ್ತು. ಮಾವ ಒಳ್ಳೆಯವನೇ. ಆದರೆ ಅವನ ದನಿ ಕೇಳಿದರೆ ನನ್ನ ಬಾಯಿಯಿಂದ ಹೌದು ಎಂಬುದೊಂದು ಬಿಟ್ಟು ಬೇರೆ ಮಾತು ಹೊರಡುತ್ತಿರಲಿಲ್ಲ. ಅಂಗಡಿಯಲ್ಲಿ ನಾನು ಒರಗಿ ಕೂಡಲಿಕ್ಕೆಂದು ಅವನು ಆಗಲೇ ಒಂದು ದಪ್ಪ ಲೋಡು ಹೊಲಿಯಲು ಹೇಳಿದ್ದ, ಅದೂ ಕಾಕಾರಿಗೇ. ಆ ಲೋಡಿನ ಬಟ್ಟೆಯ ಖೋಳಿ ಅರ್ಧ ತುಂಬಿ ಅವರ ಮೂಲೆಯಲ್ಲಿ ಬಿದ್ದಿತ್ತು. ಹೋದಾಗಲೆಲ್ಲ ಅದನ್ನು ಕಾಲಿನಿಂದ ತೋರಿಸುತ್ತಿದ್ದರು. “ಇದನ್ನ ನಾ ಎಷ್ಟಂತ ತಡಾ ಮಾಡ್ಲೋ? ನಿಮ್ಮ ಮಾವ ದಿನಾ ಕೇಳಾಕತ್ತಾನ. ಲಗೂ ಓಡಾಕ ಕಲಿ.”

ಎರೆಹೊಲದಲ್ಲಿ ಓಡುವುದೆಂದರೆ ಹೊರಗಿನವರಿಗೆ ಹೇಳಿ ತಿಳಿಯುವಂಥದಲ್ಲ. ಮಳೆಗಾಲದಲ್ಲಿ ಕಾಲಿಗೆ ಮೆತ್ತಿದ ಮಣ್ಣು ಹೆಜ್ಜೆ ಹೆಜ್ಜೆಗೂ ಬೆಳೆಯುತ್ತದೆ. ಬೇಸಿಗೆಯಲ್ಲಿ ಬಿರುಕು ಬಾಯಿಬಿಟ್ಟು ಕಾಲು ನುಂಗಲು ಕಾದಿರುತ್ತದೆ. ನಡುವಿನ ತಂಪು ದಿನಗಳಲ್ಲಿ ಚಕ್ಕಡಿಯ ಹಾದಿ ಗಟ್ಟಿಯಾಗಿ, ಎರಡೂ ಕಡೆ ಬಿಳಿಜೋಳ ನಿಂತಿರುವಾಗ ಓಡಿದರೆ ಮಾತ್ರ ಸುಖ. ನೆಲ ಎಷ್ಟು ಸಪಾಟೆಂದರೆ, ಹೋಗಿ ಮುಟ್ಟಬೇಕಾದ ಬೇವಿನ ಗಿಡ ಮನೆ ಬಿಟ್ಟಾಗಲೇ ಕಾಣುತ್ತದೆ, ಕಾಲಿಗೆ ಮಾತ್ರ ಸಿಗುವುದಿಲ್ಲ. “ಇನ್ನೆಷ್ಟು ದೂರರಿ ಕಾಕಾ?” ಎಂದರೆ, “ಕಾಣಾಕತ್ತೈತಲ್ಲೋ, ಕಣ್ಣಿಲ್ಲೇನು?” ಎನ್ನುವರು.

ಹಾದಿಗಿಂತ ದೊಡ್ಡ ತೊಡಕು ಜನರದ್ದು. ನಮ್ಮ ಕಡೆ ಸುಮ್ಮನೆ ಓಡುವ ಮನುಷ್ಯನೇ ಇರಲಿಲ್ಲ. ಓಡಿದನೆಂದರೆ ಎಲ್ಲೋ ಬಣವೆಗೆ ಬೆಂಕಿ ಬಿದ್ದಿದೆ, ಇಲ್ಲವೆ ಯಾರೋ ಬಾವಿಗೆ ಬಿದ್ದಿದ್ದಾರೆ. ಕಂಡವರು ಕೈಲಿದ್ದ ಕೆಲಸ ಬಿಟ್ಟು ಸಂಗಡ ಓಡಬೇಕು. ಮೊದಲ ದಿನ ನಾನು ಬರಿಗೈಯಲ್ಲಿ ಓಡಿದೆ. ಬೇವಿನ ಗಿಡ ಮುಟ್ಟುವಷ್ಟರಲ್ಲಿ ಬೆನ್ನ ಹಿಂದೆ ನಾಲ್ಕು ಜನ ರೈತರು, ಒಬ್ಬನ ಹೆಗಲ ಮೇಲೆ ಹಗ್ಗ.

“ಯಾರಿಗೇನಾತ್ರಿ?”

“ಏನಿಲ್ಲ. ಸುಮ್ಮನ ಓಡಾಕತ್ತೇನಿ,” ಎಂದೆ.

ಹಗ್ಗದವನು ನನ್ನನ್ನು ಬಿಟ್ಟು ಕಾಕಾರ ಕಡೆ ತಿರುಗಿ, ಸಣ್ಣ ದನಿಯಲ್ಲಿ, “ಯಾವಾಗಿಂದ ಹಿಂಗಾಗೈತ್ರಿ ಇವರಿಗೆ?” ಎಂದು ಕೇಳಿದ.

ಮರುದಿನದಿಂದ ನನ್ನ ಕೈಯಲ್ಲೂ ಕಾಕಾರಂತೆ ಒಂದು ಚರಗಿ ಬಂತು. ಬೆಳಿಗ್ಗೆ ನೀರಿನ ಚರಗಿ ಹಿಡಿದು ಬಯಲಿನ ಕಡೆ ಓಡುವವನನ್ನು ಯಾರೂ ತಡೆಯುವುದಿಲ್ಲ, ಯಾಕೆಂದು ಕೇಳುವುದೂ ಇಲ್ಲ, ದಾರಿ ಬಿಡುತ್ತಾರೆ. ಒಬ್ಬ ಮುದುಕ ಮಾತ್ರ ನಾವು ಅವನ ಹೊಲ ದಾಟಿ, ಅದರಾಚೆಯ ಹೊಲವನ್ನೂ ದಾಟುವುದನ್ನು ದಿನಾ ನೋಡಿ ನೋಡಿ ತಡೆಯಲಾರದೆ ಕೂಗಿದ: “ಎಷ್ಟ್ ದೂರ ಹೊಂಟೀರ್ರಿ ಸಾಹೇಬ್ರ? ಜಾಗಾ ಇಲ್ಲೇ ಬೇಕಾದಷ್ಟು ಐತಲ್ಲ!” ಕಾಕಾ ನಿಂತು ನಕ್ಕ ನಗೆಗೆ ಅವರ ಚರಗಿಯ ನೀರೆಲ್ಲ ಚೆಲ್ಲಿಹೋಯಿತು.

ಪರೀಕ್ಷೆ ಇಟ್ಟಿದ್ದು ಧಾರವಾಡದ ಊರ ಹೊರಗಿನಿಂದ ರಾಯಾಪುರಕ್ಕೆ ಹೋಗಿ, ತಿರುಗಿ ಬರುವ ಹಾದಿಯಲ್ಲಿ. ಕಾಕಾ ಕೆಲಸ ಬಿಟ್ಟು ನನ್ನ ಸಂಗಡ ಬಂದರು. ಚರಗಿ ಹಿಡಿದೇ ಓಡು ಎಂದರು. ಗೋರಾ ಸಾಹೇಬರ ಮುಂದೆ, ಟೊಪ್ಪಿಗೆ ಹಾಕಿದ ಕಾಲೇಜು ಹುಡುಗರ ನಡುವೆ ಚರಗಿಯೇ? ಅದನ್ನು ಅವರ ಕೈಗೇ ಕೊಟ್ಟೆ. ಅವರು ಮುಂದಾಗಿ ಹೋಗಿ ರಾಯಾಪುರದ ಹತ್ತಿರ ರಸ್ತೆಬದಿಗೆ ನಿಂತರು.

ನಾವು ಹತ್ತು ಹನ್ನೆರಡು ಮಂದಿ, ಎಲ್ಲರೂ ಬರಿಗೈಯವರು, ಬಾಯಿ ತೆರೆದುಕೊಂಡು ಓಡಿ ಬರುವುದನ್ನು ಅಲ್ಲಿಯ ಹೊಲದವರು ಕಂಡರು. ಅಷ್ಟೇ ಸಾಕಾಯಿತು. ಕೊಡ ಹಿಡಿದವರು, ಬಡಿಗೆ ಹಿಡಿದವರು, ಒದ್ದೆ ಕಂಬಳಿ ಹೊತ್ತವನೊಬ್ಬ, ಎಲ್ಲರೂ ಬದು ಹಾರಿ ರಸ್ತೆಗೆ ಬಂದು ನಮ್ಮ ಸಂಗಡ ಓಡತೊಡಗಿದರು. ಕಾಕಾ ಎರಡೂ ಕೈ ಚಾಚಿ ಅವರಿಗೆ ಅಡ್ಡ ನಿಂತರು.

“ನಿಂದರ್ರಿ! ಬೆಂಕಿ ಇಲ್ಲ, ಏನಿಲ್ಲ! ಪರೀಕ್ಷಾ ಐತಿ!”

“ಪರೀಕ್ಷಾ ಇದ್ರ ಸಾಲ್ಯಾಗ ಕೂತು ಬರೀಬೇಕಲ್ರಿ! ಹಿಂಗ್ಯಾಕ ಓಡತಾರ?”

ಅವರನ್ನು ತಡೆಯುತ್ತ ತಡೆಯುತ್ತ ಕಾಕಾರೂ ಹಿಮ್ಮುಖವಾಗಿ ಓಡುತ್ತಿದ್ದುದನ್ನು ನಾನು ತಿರುವಿನಲ್ಲಿ ಕಂಡೆ. ಆಮೇಲೆ ಕಾಣಲಿಲ್ಲ. ನನ್ನ ರಟ್ಟೆ ಹಿಡಿದುಕೊಂಡ ಒಬ್ಬ ರೈತ “ಎಳೀರಿ ಕಾಲು, ಎಳೀರಿ!” ಎನ್ನುತ್ತ ಏರನ್ನು ನನ್ನಿಂದ ಹತ್ತಿಸಿಯೇಬಿಟ್ಟ. ಎದೆ ನಿಲ್ಲಲು ಪುರಸೊತ್ತೇ ಸಿಗಲಿಲ್ಲ.

ಚಳವಳಿಯ ದಿನಗಳವು. ಅಷ್ಟು ಜನ ಬಡಿಗೆ ಹಿಡಿದು ತನ್ನ ಕಡೆ ನುಗ್ಗುವುದನ್ನು ಕಂಡು ಸಾಹೇಬ ಬೆಳ್ಳಗಾದ, ಮೊದಲೇ ಬೆಳ್ಳಗಿದ್ದವನು. ಕಾರಕೂನ ಮೇಜಿನ ಹಿಂದೆ ಕುಕ್ಕರಿಸಿದ. ಆಮೇಲೆ ಸಂಗತಿ ತಿಳಿದು ಸಾಹೇಬ ಹೊಟ್ಟೆ ಹಿಡಿದು ನಕ್ಕ; ಇಷ್ಟು ಜನ ಬೆನ್ನು ಹತ್ತಿದರೂ ಹಾದಿ ಬಿಡದವರು ಕಾಡಿಗೆ ಸೈ ಎಂದನಂತೆ. ಗುರಿ ಮುಟ್ಟಿದವರ ಹೆಸರುಗಳನ್ನು ಅಲ್ಲಿಯೇ ಕೂಗಿದರು. ನನ್ನದೂ ಇತ್ತು.

ಓಡಿಯೇ ರಾಯಾಪುರಕ್ಕೆ ಹೋದೆ. ಕಾಕಾ ಮೈಲುಗಲ್ಲಿನ ಮೇಲೆ ಕೂತಿದ್ದರು. ರಸ್ತೆಯಂಚಿನ ತಗ್ಗಿನಲ್ಲಿ ಎಡಗಾಲು ಉಳುಕಿತ್ತು. ಯಾರನ್ನು ತಡೆದಿದ್ದರೋ ಅವರೇ ಸುತ್ತ ಕೂತು ಅರಿಶಿಣ ಸುಣ್ಣ ಹಚ್ಚುತ್ತಿದ್ದರು.

“ಆತೇನೋ?” ಎಂದರು.

“ಆತ್ರೀ ಕಾಕಾ.”

“ಹಂಗಾರ ನಿನ್ನ ಲೋಡು ನನಗಾತು.”

ಹಾಗೆಯೇ ಆಯಿತು. ಮಾವನ ಎರಡು ಬಿರುಸು ಮಾತು ಕೇಳಿಯೂ ಕಾಕಾ ಲೋಡು ತುಂಬಿಸಿ, ಅದರ ಮೇಲೆ ಕಾಲು ಚಾಚಿ ಮಲಗಿದರು. ನಾಳೆ ಓಡೋಣು ಎಂದರು. ಮರುವಾರ ಓಡೋಣು ಎಂದರು. ಅಷ್ಟರಲ್ಲಿ ನನಗೆ ಹಳಿಯಾಳದ ಕಡೆಯ ಕಾಡಿಗೆ ಹೋಗಲು ಹುಕುಂ ಬಂತು.

ಅವರು ಮತ್ತೆ ಓಡಲಿಲ್ಲ. ನಡೆದರು. ರಜೆಗೆ ಬಂದಾಗಲೆಲ್ಲ ಬೇವಿನ ಗಿಡದವರೆಗೆ ಇಬ್ಬರೂ ನಡೆದು ಹೋಗುತ್ತಿದ್ದೆವು; ನಡೆದರೆ ಅದು ಇನ್ನೂ ದೂರ. ನನಗೆ ಅದರಷ್ಟು ಇಷ್ಟದ ಹಾದಿ ಕಾಡಿನಲ್ಲೂ ಸಿಗಲಿಲ್ಲ. ಒಂದು ಮಳೆಗಾಲ ಕಾಡಿನ ದಾರಿ ಕಟ್ಟಿಹೋಗಿ ಸುದ್ದಿ ತಡವಾಗಿ ಬಂತು. ನಾನು ಬರುವಷ್ಟರಲ್ಲಿ ಅವರನ್ನು ಮಣ್ಣು ಮಾಡಿ ಬಹಳ ದಿನಗಳಾಗಿದ್ದವು...

ಈಗ ಧಾರವಾಡಕ್ಕೇ ವರ್ಗವಾಗಿ ಬಂದಿದ್ದೇನೆ. ಹುಬ್ಬಳ್ಳಿಯಿಂದ ದಿನಾ ಮೋಟಾರಿನಲ್ಲಿ ಹೋಗಿಬರುವುದು. ರಾಯಾಪುರದ ಆ ಮೈಲುಗಲ್ಲು ಬಂತೆಂದರೆ ನನ್ನ ಎಡಗಾಲು ತಾನೇ ಒಳಗೆ ಸರಿದುಕೊಳ್ಳುತ್ತದೆ. ಪಕ್ಕದಲ್ಲಿ ಕೂತವರು ನೋಡಿ, “ಕಾಲು ಹಿಡದೈತೇನ್ರಿ?” ಎನ್ನುತ್ತ ಸರಿದು ಜಾಗ ಬಿಡುತ್ತಾರೆ.

“ಹೌದ್ರಿ,” ಎಂದುಬಿಡುತ್ತೇನೆ.