ಖಾಲಿ ಕೊಳವೆಯೊಳಗೆ ಇದ್ದದ್ದು

ನಮ್ಮಕ್ಕ ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಾಳೆ. ಹಿಡಿದ ಹಠ ಬಿಟ್ಟವಳೇ ಅಲ್ಲ.

"ಜೀವಕೋಶಗಳು ಒಂದಕ್ಕೊಂದು ಸುದ್ದಿ ಕಳಿಸೋ ಪುಟ್ಟ ಪೊಟ್ಟಣ ಇರ್ತವೆ, ಎಕ್ಸೋಸೋಮ್ ಅಂತ. ಕೋಟಿ ಬೆಲೆಯ ಯಂತ್ರ ಇಲ್ದೇನೇ ಅವನ್ನ ಬೇರೆ ಮಾಡಿ ತೋರಿಸ್ತೀನಿ ನೋಡ್ತಿರು" ಎಂದು ಹೊರಟೇಬಿಟ್ಟಳು. ನಮ್ಮ ಊಟದ ಮೇಜಿನ ಅರ್ಧ ಅವಳ ಪಾಲಾಯಿತು. ಮುಚ್ಚಿಹೋದ ರಕ್ತಪರೀಕ್ಷೆ ಕೇಂದ್ರದ ಹಳೇ ಸೆಂಟ್ರಿಫ್ಯೂಜ್, ಅಂದರೆ ಕೊಳವೆಗಳನ್ನು ಜೋರಾಗಿ ತಿರುಗಿಸಿ ಒಳಗಿನದ್ದನ್ನು ತಳಕ್ಕಿಳಿಸುವ ಯಂತ್ರ, ಅಲ್ಲಿ ಬಂದು ಕೂತಿತು. ಅದು ಗಿರ್ರೆಂದು ತಿರುಗಿದರೆ ನಮ್ಮ ತಟ್ಟೆಗಳೆಲ್ಲ ಗಡಗಡ.

ಸಿಕ್ಕಿದ್ದು ಎಕ್ಸೋಸೋಮೇ ಹೌದೋ ಅಲ್ಲವೋ ಹೇಳಲು ದೊಡ್ಡ ಸೂಕ್ಷ್ಮದರ್ಶಕ ಬೇಕು. ಅದಿದ್ದ ಸಂಶೋಧನಾ ಕೇಂದ್ರದವರು ಮೂರು ಸಲ ನೋಡಿಕೊಡಲು ಒಪ್ಪಿದ್ದರು, ಅಷ್ಟೇ. ಮೊದಲ ಸಲ ಅಕ್ಕ ಕುರಿಯ ಲಿವರನ್ನು ಅಮ್ಮನ ಮಿಕ್ಸಿಯಲ್ಲಿ ರುಬ್ಬಿ ಬೈಸಿಕೊಂಡಳು. ಕೋಶಗಳೇ ಒಡೆದುಹೋಗಿ ಬರೀ ಕಸ ಕಂಡಿತು. ಎರಡನೆಯ ಸಲ ಎಲ್ಲ ಚೆನ್ನಾಗಿಯೇ ಆಗಿತ್ತು. ಆದರೆ ಕೊನೆಗೆ ಕೊಳವೆಯ ತಳದಲ್ಲಿ ಉಳಿಯುವುದು ಕಣ್ಣಿಗೇ ಕಾಣುವುದಿಲ್ಲ. ಅಮ್ಮ ಖಾಲಿ ಎಂದುಕೊಂಡು ಸೋಪು ಹಾಕಿ ತಿಕ್ಕಿ, ಬಿಸಿಲಿಗೆ ಬೋರಲು ಹಾಕಿದ್ದಳು! ಕೇಂದ್ರದವರು ಗೊತ್ತುಮಾಡಿದ ದಿನ ಹಾಗೆಯೇ ದಾಟಿಹೋಯಿತು. ಅಕ್ಕ ಬೈಯಲಿಲ್ಲ, ಅಳಲೂ ಇಲ್ಲ. ನನಗೆ ಅದೇ ಹೆದರಿಕೆಯಾಯಿತು.

ಇನ್ನು ಉಳಿದದ್ದು ಒಂದೇ ಸಲ. ಈಗ ರುಬ್ಬುವ ಮಾತೇ ಇಲ್ಲ. ಲಿವರನ್ನು ಬ್ಲೇಡಿನಿಂದ ಸಣ್ಣಗೆ ಹೆಚ್ಚಿ, ಹದವಾದ ಉಪ್ಪಿನ ದ್ರಾವಣದಲ್ಲಿ ನೆನೆಸಿ ಬೆಚ್ಚಗಿಟ್ಟಳು. ಆ ನೀರನ್ನು ತಿರುಗಿಸಿ, ಸೋಸಿ, ಆ ಪೊಟ್ಟಣಗಳನ್ನು ಒಟ್ಟುಗೂಡಿಸುವ ಅಂಟಂಟಾದ ಪಾಲಿಮರ್ ಬೆರೆಸಿ ಫ್ರಿಜ್ಜಿನಲ್ಲಿಟ್ಟಳು. ಮರುದಿನ ಮತ್ತೆ ತಿರುಗಿಸಿ ಮೇಲಿನ ನೀರು ಚೆಲ್ಲಿದಳು.

ನಾನು ಕೊಳವೆಯೊಳಗೆ ಇಣುಕಿದೆ. "ಏನೂ ಇಲ್ವಲ್ಲಕ್ಕಾ!"

"ಇದೆ. ಸುಮ್ನಿರು."

ಅಮ್ಮ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲೇ ನಿಂತಿದ್ದಳು. "ನಾನಂತೂ ಮುಟ್ಟಲ್ಲಮ್ಮ."

ಅಕ್ಕ ಆ ಕಾಣದ್ದನ್ನು ಒಂದೆರಡು ಹನಿ ದ್ರಾವಣದಲ್ಲಿ ಕದಡಿ, ಐಸ್ ಡಬ್ಬಿಯಲ್ಲಿಟ್ಟು ಕಳಿಸಿದಳು. ಅಲ್ಲಿಂದ ಮನೆಯಲ್ಲಿ ಯಾರ ಫೋನು ಸದ್ದು ಮಾಡಿದರೂ ಮೂವರೂ ಓಡುತ್ತಿದ್ದೆವು.

ಉತ್ತರ ಬಂದದ್ದು ನಾವು ಊಟಕ್ಕೆ ಕೂತಾಗ. ಫೋನು ನೋಡಿದ ಅಕ್ಕ ಕುರ್ಚಿ ಬೀಳಿಸಿಕೊಂಡೇ ಎದ್ದಳು.

"ಬಂತು ಕಣೇ! ಬಂದ್ಬಿಡ್ತು!"

ಬೂದು ಬಣ್ಣದ ಚಿತ್ರ, ಅದರ ತುಂಬ ದುಂಡು ದುಂಡು ಗುಳ್ಳೆಗಳು! ಕೆಳಗೆ, 'ಎಕ್ಸೋಸೋಮ್‌ಗಳೇ, ಅಭಿನಂದನೆ.' ನಾನು ಖುಷಿಗೆ ಸೆಂಟ್ರಿಫ್ಯೂಜನ್ನೇ ತಬ್ಬಿಕೊಂಡೆ.

ಅಮ್ಮ ಕನ್ನಡಕ ಏರಿಸಿ ಗುಳ್ಳೆಗಳನ್ನು ಎಣಿಸತೊಡಗಿದಳು. ನಡುವೆ ನಿಲ್ಲಿಸಿದಳು. ಮುಖ ಸಪ್ಪಗಾಯಿತು.

"ಅಯ್ಯೋ, ಅವತ್ತೂ ಇಷ್ಟೊಂದಿತ್ತೇನೇ? ಎಲ್ಲಾ ತೊಳೆದ್ಬಿಟ್ನಲ್ಲೇ!"

ಅಂದು ಅಳದ ಅಕ್ಕ ಈಗ ಅಮ್ಮನ ಹೆಗಲಿಗೆ ಮುಖ ಒತ್ತಿ, ನಗುನಗುತ್ತಲೇ ಅತ್ತಳು.